ಮೂರು ಮಿಲಿಮೀಟರ್ ಕೊಳವೆ ಮತ್ತು ಮರಳಿ ಬಂದ ಕಾಮಣಿ

ಹೋದ ವರ್ಷ ಮಳೆಗಾಲದಲ್ಲಿ ರೋಣದಿಂದ ಕಾಕಿ ಫೋನ್ ಮಾಡಿದ್ದರು. "ನಿಮ್ಮ ಕಾಕಾರಿಗೆ ಥಂಡಿ ಹತ್ತಿ ಜ್ವರಾ ಬಂದಾವು, ಹೊಲದಾಗ ತೊಯ್ಸ್ಕೊಂಡಿದ್ರು, ಗುಳಿಗಿ ಕೊಟ್ಟೇನಿ" ಅಂದರು. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಹುಬ್ಬಳ್ಳಿಗೆ ಕರೆತಂದಾಗ ಮಂಚ ಅಲುಗುವಷ್ಟು ನಡುಕ, ಕಣ್ಣು ಮತ್ತೆ ಅರಿಶಿನ. ಮೇದೋಜ್ಜೀರಕದ ಕ್ಯಾನ್ಸರ್ ಗಡ್ಡೆ ಪಿತ್ತನಾಳವನ್ನು ಒತ್ತಿ ಕಾಮಣಿ (ಕಾಮಾಲೆ) ಬಂದಿತ್ತು; ಪಿತ್ತ ಹರಿಯಲೆಂದು ಮೂರು ತಿಂಗಳ ಹಿಂದೆ ನಾಳದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಕಟ್ಟಿಕೊಂಡಿತ್ತು. ಹೊರತೆಗೆದದ್ದನ್ನು ಡಾಕ್ಟರು ತೋರಿಸಿದರು. ಪೆನ್ನಿನ ರೀಫಿಲ್‌ನಂಥ ಕೊಳವೆ, ತುಂಬ ಕಂದು ಬಣ್ಣದ ಕೆಸರು.

ಜ್ವರ ಬಂದರೆ ಏನರ್ಥ ಅಂತ ಮೊದಲ ಆಸ್ಪತ್ರೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಆ ಸಿಟ್ಟಿನಲ್ಲೇ ನಾನು ಈ ಕೊಳವೆಯ ಕಥೆ ಹುಡುಕಿಕೊಂಡು ಹೋದೆ.

1968ರಲ್ಲಿ ಅಮೆರಿಕದ ವಿಲಿಯಂ ಮೆಕ್‌ಕ್ಯೂನ್ ಮತ್ತು ಸಂಗಡಿಗರು ಬಾಯಿಯಿಂದ ಎಂಡೋಸ್ಕೋಪ್ (ದೇಹದ ಒಳಗೆ ನೋಡುವ ಬಳುಕುವ ಕೊಳವೆ) ಇಳಿಸಿ ಪಿತ್ತನಾಳದ ಬಾಯಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆದರು. ಇವತ್ತು ಇ.ಆರ್.ಸಿ.ಪಿ. ಅಂತ ಕರೆಯುವ ವಿಧಾನ ಶುರುವಾಗಿದ್ದು ಅಲ್ಲಿಂದ. 1974ರಲ್ಲಿ ಜಪಾನ್ ಮತ್ತು ಜರ್ಮನಿಯ ವೈದ್ಯರು ಅದೇ ದಾರಿಯಲ್ಲಿ ನಾಳದ ಬಾಯಿ ಕತ್ತರಿಸುವುದನ್ನು ಕಲಿತರು. 1980ರ ಹೊತ್ತಿಗೆ ಹ್ಯಾಂಬರ್ಗ್‌ನಲ್ಲಿ ನಿಬ್ ಸೊಹೆಂದ್ರ ಗಡ್ಡೆ ಒತ್ತಿದ ಜಾಗದ ಮೂಲಕ ಪ್ಲಾಸ್ಟಿಕ್ ಕೊಳವೆ ತೂರಿಸಿ ಪಿತ್ತ ಹರಿಯುವಂತೆ ಮಾಡಿದರು. ಹೊಟ್ಟೆ ಕೊಯ್ಯದೆ! ಕಾಮಣಿಯ ಮೈ ತುರಿಕೆಯಿಂದ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದವರಿಗೆ ಅದೆಷ್ಟು ದೊಡ್ಡ ನೆಮ್ಮದಿ ಅನ್ನೋದು ಕಾಕಾನನ್ನು ನೋಡಿದ ನನಗೆ ಗೊತ್ತು.

ಆದರೆ ಎಂಡೋಸ್ಕೋಪ್‌ನ ಸಣ್ಣ ದಾರಿಯಲ್ಲೇ ಹೋಗಬೇಕಾದ್ದರಿಂದ ಪ್ಲಾಸ್ಟಿಕ್ ಕೊಳವೆ ಸಾಮಾನ್ಯವಾಗಿ ಸುಮಾರು 3 ಮಿಲಿಮೀಟರ್‌ನಷ್ಟೇ ದಪ್ಪ ಇರುತ್ತದೆ. ಇನ್ನೊಂದು ತೊಡಕೂ ಇದೆ. ಪಿತ್ತನಾಳದ ತುದಿಯಲ್ಲಿ ಒಂದು ಸ್ನಾಯು ಇದೆ, ಬಾಗಿಲಿನ ಹಾಗೆ. ಕರುಳಿನ ಬ್ಯಾಕ್ಟೀರಿಯಾ ಮೇಲೆ ಹತ್ತದಂತೆ ಅದು ತಡೆಯುತ್ತದೆ. ಸ್ಟೆಂಟ್ ಆ ಬಾಗಿಲನ್ನು ಸದಾ ತೆರೆದಿಡುತ್ತದೆ. ಬ್ಯಾಕ್ಟೀರಿಯಾ ಒಳಗೋಡೆಗೆ ಲೋಳೆಯಾಗಿ ಅಂಟಿಕೊಳ್ಳುತ್ತವೆ, ಪಿತ್ತ ಅದರ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ, ಮೂರು-ನಾಲ್ಕು ತಿಂಗಳಲ್ಲಿ ಮೋರಿ ಕಟ್ಟಿದಂತೆ ಕಟ್ಟುತ್ತದೆ. ನಿಂತ ಪಿತ್ತಕ್ಕೆ ಸೋಂಕು ತಗುಲಿದರೆ ಬರುವುದೇ ಆ ಚಳಿಜ್ವರ. ತಡವಾದರೆ ಸೋಂಕು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ.

ಹಾಗಾದರೆ ಅಗಲ ಮಾಡಿದರಾಯ್ತು, ಅಲ್ವಾ? ಹಾಗೇ ಯೋಚಿಸಿ 1980ರ ದಶಕದ ಕೊನೆಗೆ ಲೋಹದ ಜಾಲರಿ ಸ್ಟೆಂಟ್ ತಂದರು. ಮಡಚಿಕೊಂಡು ಹೋಗಿ ಒಳಗೆ 10 ಮಿಲಿಮೀಟರ್‌ವರೆಗೆ ಅರಳುತ್ತದೆ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು ಎರಡನ್ನೂ ಹೋಲಿಸಿದಾಗ ಪ್ಲಾಸ್ಟಿಕ್ ಮಧ್ಯಮ ಲೆಕ್ಕದಲ್ಲಿ (ಅರ್ಧ ಜನರಲ್ಲಿ ಅದಕ್ಕಿಂತ ಹೆಚ್ಚು, ಅರ್ಧ ಜನರಲ್ಲಿ ಕಡಿಮೆ) 126 ದಿನ, ಲೋಹದ್ದು 273 ದಿನ ತೆರೆದಿತ್ತು. ಆದರೆ ಜಾಲರಿಯ ಕಣ್ಣುಗಳೊಳಗಿಂದ ಗಡ್ಡೆಯೇ ಬೆಳೆಯಿತು. ಅದಕ್ಕೆ ಹೊದಿಕೆ ಹಾಕಿದರು, ಈಗ ಸ್ಟೆಂಟ್ ಜಾಸ್ತಿ ಜಾರತೊಡಗಿತು. ಹೊದಿಕೆ ಪಿತ್ತಕೋಶದ ಬಾಯಿಗೆ ಅಡ್ಡ ಬಂದರೆ ಅಲ್ಲೂ ಉರಿಯೂತ ಬರಬಹುದು. ಇ.ಆರ್.ಸಿ.ಪಿ. ಆದ ಮೇಲೆ ಮೇದೋಜ್ಜೀರಕ ಊದಿಕೊಳ್ಳುವ ಅಪಾಯ ಬೇರೆ.

ಇದರ ನಡುವೆ ಇನ್ನೊಂದು ಪ್ರಶ್ನೆ ಎದ್ದಿತು. ಗಡ್ಡೆ ತೆಗೆಯಲು ಆಗುವಂತಿದ್ದರೆ ಮೊದಲು ಸ್ಟೆಂಟ್ ಹಾಕಲೇಬೇಕಾ? ಕಾಮಣಿ ಇಳಿಯಲಿ, ಆಮೇಲೆ ಆಪರೇಷನ್ ಅನ್ನೋದು ರೂಢಿಯಾಗಿತ್ತು. 2010ರಲ್ಲಿ ಡಚ್ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಸ್ಟೆಂಟ್ ಹಾಕಿದವರಲ್ಲಿ ಗಂಭೀರ ತೊಂದರೆ 74%, ನೇರ ಆಪರೇಷನ್ ಆದವರಲ್ಲಿ 39%. ಅಲ್ಲಿ ಹಾಕಿದ್ದು ಹೆಚ್ಚಾಗಿ ಪ್ಲಾಸ್ಟಿಕ್. ಕಾಮಣಿ ತೀರಾ ಏರಿದ್ದರೆ, ಸೋಂಕಿದ್ದರೆ, ಮೊದಲು ಕೀಮೋ ಕೊಡಬೇಕಿದ್ದರೆ ಮಾತ್ರ ಮೊದಲು ಸ್ಟೆಂಟ್ ಅನ್ನೋ ಎಚ್ಚರಿಕೆ ಬಂದದ್ದು ಹೀಗೆ.

ಕಾಕಾನ ಗಡ್ಡೆ ಆಪರೇಷನ್ ಮಾಡುವ ಹಂತ ದಾಟಿತ್ತು. ಹುಬ್ಬಳ್ಳಿಯಲ್ಲಿ ಎರಡನೇ ಸಲ ಲೋಹದ್ದು ಹಾಕಿದರು. ಪ್ಲಾಸ್ಟಿಕ್‌ಗಿಂತ ಎಷ್ಟೋ ಪಟ್ಟು ದುಡ್ಡು, ಎತ್ತು ಮಾರಬೇಕಾಯ್ತು. ಈ ಸಲ ಡಾಕ್ಟರು ಕಾಕಿಯನ್ನೇ ಕೂರಿಸಿಕೊಂಡು ಹೇಳಿದರು: ಚಳಿಜ್ವರ, ಹಳದಿ ಕಣ್ಣು, ಸುಣ್ಣದ ಬಣ್ಣದ ಮಲ, ಯಾವುದೇ ಕಂಡರೂ ಅವತ್ತೇ ಬನ್ನಿ. ಕಾಕಿ ಅದನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಮೊಮ್ಮಗಳ ಕೈಯಲ್ಲಿ ಬರೆಸಿದರು. ಏಳು ತಿಂಗಳಾದ ಮೇಲೆ ಒಂದು ಬೆಳಗಿನ ಜಾವ ಮತ್ತೆ ನಡುಕ ಬಂತು. ಅವರು ಗುಳಿಗೆ ಹುಡುಕಲಿಲ್ಲ. ನನಗೆ ಫೋನ್ ಬಂದಾಗ ಗಾಡಿ ಆಗಲೇ ನರಗುಂದ ದಾಟಿತ್ತು.