ಥೈಮಸ್: ಎಳೆಯ ಟಿ ಕೋಶಕ್ಕೆ ಸಿಗುವ ನಾಲ್ಕು ದಿನ

2025ರ ಅಕ್ಟೋಬರಿನಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ರೋಗನಿರೋಧಕ ಕೋಶಗಳು ಸ್ವಂತ ದೇಹದ ಮೇಲೆ ದಾಳಿ ಮಾಡದಂತೆ ತಡೆಯುವ ಕೋಶಗಳ ಕುರಿತ ಸಂಶೋಧನೆಗೆ ವೈದ್ಯವಿಜ್ಞಾನದ ನೊಬೆಲ್ ಘೋಷಣೆಯಾದ ಮೇಲೆ, ಹಾಸನದಲ್ಲಿ ನಾನು ಜೀವಶಾಸ್ತ್ರ ಕಲಿಸುವ ದ್ವಿತೀಯ ಪಿಯುಸಿ ತರಗತಿಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು. ಸ್ವಂತ ದೇಹದ ಮೇಲೆಯೇ ತಿರುಗಿ ಬೀಳಬಲ್ಲ ಟಿ ಕೋಶಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಅವು ಬಲಿಯುವ ಥೈಮಸ್ ಗ್ರಂಥಿ ಮೊದಲೇ ಕೊಲ್ಲುವುದಾದರೆ, ಅವುಗಳನ್ನು ಹದ್ದುಬಸ್ತಿನಲ್ಲಿಡಲು ಇನ್ನೊಂದು ಬಗೆಯ ಕೋಶ ಏಕೆ ಬೇಕು? ಎದೆಮೂಳೆಯ ಹಿಂದೆ ಇರುತ್ತದೆ, ಹುಟ್ಟಿದಾಗ ದೊಡ್ಡದಾಗಿದ್ದು ಪ್ರಾಯಕ್ಕೆ ಬರುವ ಹೊತ್ತಿಗೆ ಕುಗ್ಗುತ್ತದೆ ಎಂಬ ಪಠ್ಯಪುಸ್ತಕದ ಸಾಲುಗಳಿಂದ ಇದಕ್ಕೆ ಉತ್ತರ ಸಿಗುವುದಿಲ್ಲ.

ಈ ಗ್ರಂಥಿಯ ಕೆಲಸವೇನೆಂದು ಶತಮಾನಗಳವರೆಗೆ ಯಾರಿಗೂ ತಿಳಿದಿರಲಿಲ್ಲ. ತಿಳಿಯದಿದ್ದುದಕ್ಕೆ ಬೆಲೆ ತೆತ್ತವರು ಮಕ್ಕಳು. ದೀರ್ಘ ಕಾಯಿಲೆಯಲ್ಲಿ, ಹಸಿವಿನಲ್ಲಿ ಥೈಮಸ್ ಕರಗುತ್ತದೆ. ಅಂಥವರ ಶವಗಳಲ್ಲಿ ಕಂಡ ಸಣ್ಣ ಗಾತ್ರವನ್ನೇ ಸಹಜವೆಂದು ನಂಬಿದ ಕಾಲದಲ್ಲಿ, ಹಠಾತ್ತನೆ ಸತ್ತ ಶಿಶುವಿನ ಆರೋಗ್ಯವಂತ ಥೈಮಸ್ ಅತಿಯಾಗಿ ಬೆಳೆದಂತೆ ಕಾಣಿಸಿತು. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಸಾವಿರಾರು ಶಿಶುಗಳ ಎದೆಗೆ ಎಕ್ಸ್‌ರೇ ಹಾಯಿಸಿ ಅದನ್ನು ಕುಗ್ಗಿಸಲಾಯಿತು. ಅವರಲ್ಲಿ ಹಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳಲ್ಲಿ ಲಿಂಫೋಸೈಟುಗಳು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳು) ಕಡಿಮೆಯಾದವು, ಸೋಂಕು ಹೆಚ್ಚಿತು, ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ದೇಹ ಅದನ್ನು ತಿರಸ್ಕರಿಸಲಿಲ್ಲ. ನಿರುಪಯುಕ್ತವೆಂದು ಬಗೆದಿದ್ದ ಅಂಗ ರೋಗನಿರೋಧಕ ವ್ಯವಸ್ಥೆಯ ಬುಡದಲ್ಲಿತ್ತು.

ಒಳಗೆ ನಡೆಯುವುದೇನು ಎಂಬುದು ಸ್ಪಷ್ಟವಾಗಲು ಇನ್ನೂ ಮೂರು ದಶಕ ಬೇಕಾಯಿತು. ಟಿ ಕೋಶವು ಪರಕೀಯ ವಸ್ತುವನ್ನು ನೇರವಾಗಿ ಗುರುತಿಸದೆ, ಕೋಶಗಳ ಹೊರಮೈಯಲ್ಲಿ ಪ್ರೋಟೀನು ಚೂರುಗಳನ್ನು ಎತ್ತಿ ತೋರಿಸುವ, ದೇಹದ ಸ್ವಂತ ಎಂಎಚ್‌ಸಿ ಅಣುಗಳ ಮೇಲೆ ಕೂತಿರುವಾಗ ಮಾತ್ರ ಗುರುತಿಸುತ್ತದೆಂದು 1974ರಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ತೋರಿಸಿದರು. 1988ರಲ್ಲಿ ಹರಾಲ್ಡ್ ಫಾನ್ ಬೋಮರ್ ಅವರ ತಂಡವು ಗಂಡು ಇಲಿಯ ಪ್ರೋಟೀನೊಂದನ್ನು ಮಾತ್ರ ಗುರುತಿಸುವ ರಿಸೆಪ್ಟರನ್ನು (ಟಿ ಕೋಶ ತನ್ನ ಗುರಿಯನ್ನು ಹಿಡಿಯುವ ಹೊರಮೈಯ ಅಣು) ಇಲಿಗಳಲ್ಲಿ ಸೇರಿಸಿತು: ಆ ಕೋಶಗಳು ಹೆಣ್ಣಿಲಿಗಳಲ್ಲಿ ಬಲಿತವು, ಗಂಡಿಲಿಗಳ ಥೈಮಸ್ಸಿನಲ್ಲಿ ಸತ್ತವು. ಸ್ವಂತ ಅಣುಗಳನ್ನು ಹಗುರವಾಗಿ ಹಿಡಿದ ಕೋಶ ಉಳಿಯುತ್ತದೆ, ಬಿಗಿಯಾಗಿ ಹಿಡಿದದ್ದು ಸಾಮಾನ್ಯವಾಗಿ ಸಾಯುತ್ತದೆ, ಏನನ್ನೂ ಹಿಡಿಯಲಾರದ್ದು ಕೇಳುವವರಿಲ್ಲದೆ ಸಾಯುತ್ತದೆ. ನೂರರಲ್ಲಿ ಹೊರಬೀಳುವುದು ಬೆರಳೆಣಿಕೆಯಷ್ಟು.

ಈ ಸಾವಿನ ಲೆಕ್ಕವೇ ಎಲ್ಲರ ಬಾಯಲ್ಲಿ ಉಳಿದುಬಿಟ್ಟಿತು. ಸಾಯುವ ಮುನ್ನ ಕೋಶ ಎಷ್ಟು ಹೊತ್ತು ಬದುಕಿರುತ್ತದೆ ಎಂಬ ಪ್ರಶ್ನೆಗೆ ಅಷ್ಟೇ ಮಹತ್ವ ಸಲ್ಲಬೇಕಿತ್ತು. ಅಸ್ಥಿಮಜ್ಜೆಯಿಂದ ಬರುವ ಎಳೆಯ ಕೋಶಕ್ಕೆ ರಿಸೆಪ್ಟರೇ ಇರುವುದಿಲ್ಲ. ಐಎಲ್-7 ಎಂಬ ಪ್ರೋಟೀನು ಅದನ್ನು ಬದುಕಿಸಿಡುತ್ತದೆ. ರಿಸೆಪ್ಟರಿಗೆ ಬೀಟಾ, ಆಲ್ಫಾ ಎಂಬ ಎರಡು ಸರಪಳಿಗಳು. ಮೊದಲು ಬೀಟಾ ಸರಪಳಿ ಸರಿಯಾಗಿ ಕೂಡಿದರೆ ಕೋಶ ಹಲವು ಪಟ್ಟು ವೃದ್ಧಿಸಿ, ಸಿಡಿ4 ಮತ್ತು ಸಿಡಿ8 ಎಂಬ ಹೊರಮೈಯ ಗುರುತಿನ ಪ್ರೋಟೀನುಗಳೆರಡನ್ನೂ ಹೊತ್ತು ನಿಲ್ಲುತ್ತದೆ. ಆಗ ಐಎಲ್-7ರ ಆಸರೆ ತಪ್ಪುತ್ತದೆ. ಮುಂದಿನ ಮೂರು ನಾಲ್ಕು ದಿನ ಅದನ್ನು ಕಾಯುವುದು ಕೋಶದೊಳಗಿನ ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನು. ಅದರ ತಯಾರಿಯನ್ನು ನಡೆಸುವ ಆರ್‌ಒಆರ್-ಗ್ಯಾಮಾ ಎಂಬ ಇನ್ನೊಂದು ಪ್ರೋಟೀನು ಇಲ್ಲದ ಇಲಿಗಳಲ್ಲಿ ಈ ಕೋಶಗಳು ಬೇಗನೆ ಸಾಯುತ್ತವೆಂದು 2000ದಲ್ಲಿ ತಿಳಿಯಿತು.

ನಮ್ಮ ಕಡೆಯ ಮಕ್ಕಳು ಇದನ್ನು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವುದಕ್ಕೆ ಹೋಲಿಸುತ್ತಾರೆ. ಹೋಲಿಕೆ ಅರ್ಧದವರೆಗೆ ಮಾತ್ರ ಸರಿ. ಮೇಜಿನ ಮೇಲೆ ಕಾದಿರುವ ಬೀಜ ತನ್ನನ್ನು ತಾನು ತಿದ್ದಿಕೊಳ್ಳಲಾರದು. ಎಳೆಯ ಟಿ ಕೋಶ ತಿದ್ದಿಕೊಳ್ಳುತ್ತದೆ. ಮೊದಲು ಕೂಡಿಸಿದ ಆಲ್ಫಾ ಸರಪಳಿ ಕೆಲಸಕ್ಕೆ ಬಾರದಿದ್ದರೆ ಅದನ್ನು ಬಿಟ್ಟು, ಸಾಲಾಗಿರುವ ಸುಮಾರು 60 ಜೀನ್ ತುಣುಕುಗಳಲ್ಲಿ ಮುಂದಿನದನ್ನು ಜೋಡಿಸಿ ನೋಡುತ್ತದೆ. ಆಯುಷ್ಯ ಮೊಟಕಾದ ಇಲಿಗಳಲ್ಲಿ ಸಾಲಿನ ಆರಂಭದ ತುಣುಕುಗಳಷ್ಟೇ ಬಳಕೆಯಾಗುತ್ತವೆ, ಆಯುಷ್ಯ ಹೆಚ್ಚಿಸಿದರೆ ಕೊನೆಯವೂ ಬಳಕೆಗೆ ಬರುತ್ತವೆ ಎಂದು 2002ರ ಪ್ರಯೋಗ ತೋರಿಸಿತು. ನಮ್ಮ ಟಿ ಕೋಶಗಳು ಎಷ್ಟು ಬಗೆಯ ಶತ್ರುಗಳನ್ನು ಗುರುತಿಸಬಲ್ಲವು ಎಂಬುದರಲ್ಲಿ ಆ ಕೆಲವು ದಿನಗಳ ಪಾಲು ದೊಡ್ಡದು.

ಹೀಗೆ ಉಳಿದವು ಥೈಮಸ್ಸಿನ ಒಳಭಾಗಕ್ಕೆ ಸರಿಯುತ್ತವೆ. ಅಲ್ಲಿ ಏರ್ ಎಂಬ ಜೀನಿನ ನೆರವಿನಿಂದ, ಮೇದೋಜೀರಕಾಂಗದ ಇನ್ಸುಲಿನ್ನಿನಂಥ ದೂರದ ಅಂಗಗಳ ಪ್ರೋಟೀನುಗಳನ್ನೂ ಚೂರುಚೂರಾಗಿ ಅವುಗಳ ಮುಂದೆ ಇಡಲಾಗುತ್ತದೆ. ಆದರೂ ಈ ಪರೀಕ್ಷೆಯಿಂದ ಕೆಲವು ಕೋಶಗಳು ನುಸುಳುತ್ತವೆ. ಮಕ್ಕಳ ಪ್ರಶ್ನೆಗೆ ಉತ್ತರ ಆರಂಭವಾಗುವುದು ಇಲ್ಲಿಂದ.

ಮಿಲ್ಲರ್ ಥೈಮಸ್ ತೆಗೆದದ್ದು ಹುಟ್ಟಿದ ಬೆನ್ನಿಗೆ. 1969ರಲ್ಲಿ ಜಪಾನಿನಲ್ಲಿ ಮೂರನೆಯ ದಿನ ತೆಗೆದಾಗ, ಹೆಣ್ಣುಮರಿಗಳ ಅಂಡಾಶಯಗಳು ಸ್ವಂತ ದೇಹದ ದಾಳಿಗೇ ತುತ್ತಾಗಿ ನಾಶವಾದವು. ದಾಳಿ ಮಾಡುವ ಕೋಶಗಳು ಆಗಲೇ ಹೊರಬಂದಿದ್ದವು, ಅವುಗಳನ್ನು ತಡೆಯುವ ಕೋಶಗಳು ಇನ್ನೂ ಥೈಮಸ್ಸಿನಲ್ಲೇ ಇದ್ದವು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಅಂಥ ಮರಿಗಳಿಗೆ ಕೊಟ್ಟು ರೋಗವನ್ನು ತಡೆದ ಸಕಾಗುಚಿ, ತಡೆಯುವ ಕೋಶಗಳ ಗುರುತನ್ನು 1995ರಲ್ಲಿ ಹೇಳಿದರು. ಸ್ವಂತ ಅಣುಗಳನ್ನು ತುಸು ಬಿಗಿಯಾಗಿಯೇ ಹಿಡಿದೂ ಸಾಯದೆ ಉಳಿದ ಎಳೆಯ ಕೋಶಗಳಿಂದ ಅವು ಹುಟ್ಟುತ್ತವೆ, ಅದೇ ಥೈಮಸ್ಸಿನಲ್ಲಿ.