ಲೇಸರ್ ಒಂದು ಮೂಲೆಯಲ್ಲಿ ಕತ್ತರಿಸಿ ಇನ್ನೊಂದರಲ್ಲಿ ಸೋತರೆ ಟ್ಯೂಬ್ ಬದಲಿಸಬೇಕೇ?

ಓದುಗರ ಪ್ರಶ್ನೆ: ನಮ್ಮದು 4 ಅಡಿಗೆ 3 ಅಡಿ ಟೇಬಲ್ ಇರುವ ಸಿಒ2 (ಇಂಗಾಲದ ಡೈಆಕ್ಸೈಡ್) ಲೇಸರ್ ಕತ್ತರಿಸುವ ಯಂತ್ರ. ಹಿಂದಿನ ಎಡ ಮೂಲೆಯಲ್ಲಿ 3 ಮಿಲಿಮೀಟರ್ ಅಕ್ರಿಲಿಕ್ ಸಲೀಸಾಗಿ ತುಂಡಾಗುತ್ತದೆ. ಮುಂದಿನ ಬಲ ಮೂಲೆಯಲ್ಲಿ ಅರ್ಧವೇ ಇಳಿಯುತ್ತದೆ. ಕಿರಣ ಹುಟ್ಟುವ ಗಾಜಿನ ಟ್ಯೂಬಿನಲ್ಲಿ ಗ್ಯಾಸ್ ಮುಗಿದಿದೆ, ಟ್ಯೂಬ್ ಬದಲಿಸಿ ಎನ್ನುತ್ತಾರೆ. ಬದಲಿಸಲೇ?

ಬೇಡ. ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ತಿಂಗಳು ಯಾರೋ ಒಬ್ಬರು ಚೆನ್ನಾಗಿರುವ ಟ್ಯೂಬನ್ನು ಬಿಚ್ಚಿ ಮೂಲೆಗಿಟ್ಟ ಮೇಲೆ ನನಗೆ ಫೋನ್ ಮಾಡುತ್ತಾರೆ. ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಟ್ಯೂಬ್ ಯಂತ್ರದ ಹಿಂಬದಿಯಲ್ಲಿ ಕದಲದೆ ಮಲಗಿರುತ್ತದೆ. ಅದರಿಂದ ಹೊರಟ ಕಿರಣ ಮೂರು ಕನ್ನಡಿಗಳಿಗೆ ಬಡಿದು ತಿರುಗುತ್ತದೆ: ಮೊದಲನೆಯದು ಹಿಂದಿನ ಮೂಲೆಯಲ್ಲಿ ಕದಲದೆ ಇರುತ್ತದೆ, ಎರಡನೆಯದು ಹಿಂದೆ ಮುಂದೆ ಸರಿಯುವ ಅಡ್ಡಪಟ್ಟಿಯ ತುದಿಯಲ್ಲಿ, ಮೂರನೆಯದು ಆ ಪಟ್ಟಿಯ ಮೇಲೆ ಎಡಬಲಕ್ಕೆ ಓಡಿ ಕತ್ತರಿಸುವ ಹೆಡ್‌ನ ಮೇಲೆ. ಹೆಡ್ ಯಾವ ಮೂಲೆಯಲ್ಲಿದೆ ಎಂಬುದು ಟ್ಯೂಬಿಗೆ ಗೊತ್ತೇ ಇಲ್ಲ. ಸೋತ ಟ್ಯೂಬ್ ನಾಲ್ಕೂ ಮೂಲೆಗಳಲ್ಲಿ ಒಂದೇ ಸಮ ಸೋಲುತ್ತದೆ. ಒಂದೇ ಮೂಲೆಯಲ್ಲಿ ಸೋತರೆ ದೋಷ ಇರುವುದು ಕಿರಣ ಸಾಗುವ ದಾರಿಯಲ್ಲಿ. ನಿಮ್ಮ ಯಂತ್ರದಲ್ಲಿ ಆ ಎರಡು ಮೂಲೆಗಳ ನಡುವೆ ಕಿರಣದ ದಾರಿ 2 ಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಮೀಟರಿಗೆ 1 ಮಿಲಿಮೀಟರ್ ಓರೆಯಾದರೂ ಅಲ್ಲಿಗೆ ತಲುಪುವಾಗ ಕಿರಣ 2 ಮಿಲಿಮೀಟರ್ ಸರಿದಿರುತ್ತದೆ. ಕನ್ನಡಿ ಎಷ್ಟು ವಾಲುತ್ತದೋ ಅದರ ಎರಡರಷ್ಟು ಕಿರಣ ವಾಲುತ್ತದೆ ಎಂಬುದನ್ನೂ ನೆನಪಿಡಿ. ದೂರ ಹೋದಂತೆ ಕಿರಣ ಸ್ವಲ್ಪ ಹಿಗ್ಗುವುದು ನಿಜ, ಆದರೆ ಈ ಅಳತೆಯ ಟೇಬಲ್‌ನಲ್ಲಿ ಅರ್ಧಕ್ಕೆ ನಿಲ್ಲುವಷ್ಟು ಅಲ್ಲ.

‘ಗ್ಯಾಸ್ ಮುಗಿದಿದೆ’ ಎಂಬ ಮಾತು ಅಡುಗೆಮನೆಯ ಸಿಲಿಂಡರಿನಿಂದ ಬಂದದ್ದು. ಈ ಗಾಜಿನ ಕೊಳವೆಯೊಳಗಿನ ಇಂಗಾಲದ ಡೈಆಕ್ಸೈಡ್, ಸಾರಜನಕ, ಹೀಲಿಯಂ ಮಿಶ್ರಣ ಉರಿದು ಖಾಲಿಯಾಗುವಂಥದ್ದಲ್ಲ. ಅದರ ಗುಣ ತಿಂಗಳುಗಟ್ಟಲೆ ಕೆಲಸದಲ್ಲಿ ಮೆಲ್ಲಗೆ ಕೆಡುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದು ಇವತ್ತು ಒಂದು ಮೂಲೆಯಲ್ಲಿ ಮಾತ್ರ ಕೈಕೊಟ್ಟರೆ ಅದು ಗ್ಯಾಸಿನ ಕೆಲಸವಲ್ಲ. ಇದನ್ನು ತಿಳಿಯದವರು ಮೊದಲು ಪವರ್ ಏರಿಸುತ್ತಾರೆ. ಟ್ಯೂಬಿಗೆ ಹರಿಯುವ ವಿದ್ಯುತ್ತನ್ನು ತೋರಿಸುವ ಮಿಲಿಆಂಪಿಯರ್ ಮೀಟರಿನ ಮುಳ್ಳು ತಯಾರಕರು ಹೇಳಿದ ಮಿತಿ ದಾಟಿದರೆ ಟ್ಯೂಬಿನ ಆಯಸ್ಸು ನಿಜವಾಗಿಯೂ ಕುಗ್ಗುತ್ತದೆ. ಕೆಟ್ಟಿಲ್ಲದ ಟ್ಯೂಬನ್ನು ಹೀಗೆ ಕೈಯಾರೆ ಕೆಡಿಸಿದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿಯಲ್ಲಿ ಟ್ರೋಫಿ ಮಾಡುವವರೊಬ್ಬರು ಹೊಸ ಟ್ಯೂಬ್ ಹಾಕಿಸಿದ ಮೇಲೂ ಅದೇ ಮೂಲೆ ಕಾಟ ಕೊಡುತ್ತಿತ್ತು. ಹೆಡ್‌ನ ಮೇಲಿನ ಮೂರನೇ ಕನ್ನಡಿಯನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಅದರ ಚೌಕಟ್ಟಿನ ಒಳ ಅಂಚಿನಲ್ಲಿ ಉಗುರಿನಷ್ಟು ದೊಡ್ಡ ಕಂದು ಅರ್ಧಚಂದ್ರ ಸುಟ್ಟಿತ್ತು. ಅರ್ಧ ಕಿರಣ ಚೌಕಟ್ಟಿಗೇ ಬಡಿಯುತ್ತಿತ್ತು! ಎರಡನೇ ಕನ್ನಡಿಯ ಹಿಂದಿನ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದ್ದಕ್ಕೆ ಯಂತ್ರ ಸರಿಹೋಯಿತು.

ನೀವು ಮಾಡಬೇಕಾದದ್ದು ಇಷ್ಟು. ಮೊದಲು ಟೇಬಲ್ ಸಮತಟ್ಟಾಗಿದೆಯೇ ಎಂದು ಫೋಕಸ್ ಗೇಜ್ (ಹೆಡ್‌ಗೂ ವಸ್ತುವಿಗೂ ನಡುವಿನ ಅಂತರ ಅಳೆಯುವ ತುಂಡು) ಇಟ್ಟು ನಾಲ್ಕೂ ಮೂಲೆಗಳಲ್ಲಿ ನೋಡಿ. ಆಮೇಲೆ ಎರಡನೇ ಕನ್ನಡಿಯ ಮುಂದೆ ಮಾಸ್ಕಿಂಗ್ ಟೇಪ್ ಅಂಟಿಸಿ, ಆ ಕನ್ನಡಿಯನ್ನು ಮೊದಲನೆಯದರ ಹತ್ತಿರ ತಂದು ಕಡಿಮೆ ಪವರ್‌ನಲ್ಲಿ ಒಂದು ಪಲ್ಸ್ (ಕ್ಷಣಮಾತ್ರದ ಕಿರಣ) ಕೊಡಿ. ದೂರ ಒಯ್ದು ಇನ್ನೊಂದು ಕೊಡಿ. ಎರಡು ಸುಟ್ಟ ಗುರುತುಗಳೂ ಒಂದರ ಮೇಲೊಂದು ಬೀಳುವವರೆಗೆ ಮೊದಲ ಕನ್ನಡಿಯನ್ನು ತಿದ್ದಿ. ಗುರುತನ್ನು ನಡುವಿಗೆ ತರಲು ಈಗಲೇ ಹೊರಡಬೇಡಿ. ಒಂದರ ಮೇಲೊಂದು ಬೀಳುವುದು ಮೊದಲು, ನಡುವಿಗೆ ಬರುವುದು ಆಮೇಲೆ. ಬಳಿಕ ಹೆಡ್‌ಗೆ ಟೇಪ್ ಅಂಟಿಸಿ, ಅದನ್ನು ಎಡಕ್ಕೂ ಬಲಕ್ಕೂ ಸರಿಸಿ, ಎರಡನೇ ಕನ್ನಡಿಯನ್ನು ಹಾಗೆಯೇ ತಿದ್ದಿ. ಕಿರಣ ಬೀಳುವ ಜಾಗ ತೋರಿಸಲು ಯಂತ್ರ ಹಾಯಿಸುವ ಕೆಂಪು ಚುಕ್ಕೆಯನ್ನು ನಂಬಿ ತಿದ್ದಬೇಡಿ, ಬಹುತೇಕ ಯಂತ್ರಗಳಲ್ಲಿ ಅದು ಬೇರೆಯದೇ ಪುಟ್ಟ ಡಯೋಡ್. ಕತ್ತರಿಸುವ 10.6 ಮೈಕ್ರೋಮೀಟರ್ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಪ್ರತಿ ಪಲ್ಸ್‌ಗೂ ಮುಚ್ಚಳ ಹಾಕಿರಲಿ, ದಾರಿಯಲ್ಲಿ ಕೈ ಇರದಿರಲಿ.

ಯಾರೂ ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಹುಬ್ಬಳ್ಳಿಯ ಆ ಕನ್ನಡಿಯ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿಗೂ ಹೋಗದ ಮಬ್ಬು ಇತ್ತು. ವಿಚಾರಿಸಿದರೆ, ಪರ್ಸ್ ಮಾಡುವ ರೆಕ್ಸಿನ್ ಕೂಡ ಅದೇ ಯಂತ್ರದಲ್ಲಿ ಕತ್ತರಿಸುತ್ತಿದ್ದರಂತೆ. ರೆಕ್ಸಿನ್ ಬಹುಪಾಲು ಪಿವಿಸಿ, ಅಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್. ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಏಳುತ್ತದೆ. ತೇವದ ಗಾಳಿಯಲ್ಲಿ ಅದು ಆಮ್ಲವಾಗಿ ಕನ್ನಡಿ, ರೈಲು, ಬೇರಿಂಗ್ ಎಲ್ಲವನ್ನೂ ತಿನ್ನುತ್ತದೆ. ಆ ಹೊಗೆ ಶ್ವಾಸಕೋಶಕ್ಕೂ ಕೇಡು. ವಸ್ತು ಯಾವುದೆಂದು ಅನುಮಾನವಿದ್ದರೆ ಬಯಲಿನಲ್ಲಿ ನಿಂತು ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಅದಕ್ಕೆ ಆ ವಸ್ತುವನ್ನು ಚೂರು ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಎಂದೇ ತಿಳಿದು, ಆ ಹಾಳೆಯನ್ನು ಕತ್ತರಿಯಿಂದಲೇ ಕತ್ತರಿಸಿ.