ಫಾರ್ಮಿನಲ್ಲಿ ಬರೆಯುವ ‘ಇಲ್ಲ’

ಪುಣೆಯ ಸಿಂಹಗಡ ರಸ್ತೆಯಲ್ಲಿ ನಸುಕಿನ ಐದು ಗಂಟೆಗೆ ಹೊರಬಿದ್ದರೆ ಓಡುವ ಹುಡುಗರು ಎದುರಾಗುತ್ತಾರೆ. ಒಬ್ಬ ಮೊಬೈಲ್ ಹಿಡಿದು ಸಮಯ ನೋಡುತ್ತಾನೆ, ಉಳಿದವರು ಸೈನ್ಯ ಭರ್ತಿಯ 1.6 ಕಿಲೋಮೀಟರ್ ಓಟವನ್ನು ಮತ್ತೆ ಮತ್ತೆ ಓಡುತ್ತಾರೆ. ಇದೇ ಕಡೆ ಇನ್ನಷ್ಟು ಮುಂದೆ ಹೋದರೆ ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಓಟ ಮುಗಿಸಿ ಏದುಸಿರು ಬಿಡುತ್ತ ಕೆಲವರು ಆಡುವ ಮಾತು ಕನ್ನಡ. ಇಂಡಿ, ಸಿಂದಗಿ, ಜತ್ತದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಗೌಂಡಿಗಳ, ಚಾಲಕರ ಮಕ್ಕಳು ಅವರು.

ಅಂಥ ಒಬ್ಬ ಹುಡುಗನ ತಾಯಿ ನನ್ನ ದವಾಖಾನೆಗೆ ಬಂದಿದ್ದರು. ಮಗನಿಗೆ ಹತ್ತೊಂಬತ್ತು. ಒಂಬತ್ತನೆಯ ವಯಸ್ಸಿನಿಂದ ಫಿಟ್ಸ್ ಇದೆ. ವಾಲ್‌ಪ್ರೊಯೇಟ್ ಗುಳಿಗೆಯನ್ನು ತಪ್ಪದೆ ನುಂಗುತ್ತಿರುವುದರಿಂದ ಮೂರು ವರ್ಷಗಳಲ್ಲಿ ಒಮ್ಮೆಯೂ ಬಂದಿಲ್ಲ. ಓಟದಲ್ಲಿ ಪಾಸಾಗಿದ್ದಾನೆ, ವೈದ್ಯಕೀಯ ಪರೀಕ್ಷೆ ಬಾಕಿ ಇದೆ. ಆಕೆ ಸೆರಗಿನ ತುದಿಯನ್ನು ತಿರುಚುತ್ತ ಕೇಳಿದರು: “ಸಾಹೇಬರೇ, ಎರಡು ವಾರ ಗುಳಿಗೆ ನಿಲ್ಲಿಸಿದರೆ ರಕ್ತದಲ್ಲಿ ಗೊತ್ತಾಗುವುದಿಲ್ಲ ಅಲ್ಲವೇ?”

ರಕ್ತದ ಮಟ್ಟಿಗೆ ಆಕೆಯ ಲೆಕ್ಕ ಸರಿಯಾಗಿಯೇ ಇತ್ತು. ಈ ಔಷಧದ ಪ್ರಮಾಣ ಸುಮಾರು ಒಂಬತ್ತರಿಂದ ಹದಿನಾರು ಗಂಟೆಗಳಿಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಅದರ ಸುಳಿವು ಉಳಿಯುವುದಿಲ್ಲ. ನನಗೆ ದಿಗಿಲಾದದ್ದು ಮೆದುಳನ್ನು ನೆನೆದು.

ನಮ್ಮ ಮೆದುಳಿನ ಪ್ರತಿ ನರಕೋಶಕ್ಕೂ ಎರಡು ಬಗೆಯ ಸಂದೇಶಗಳು ಬರುತ್ತಿರುತ್ತವೆ. ಒಂದು ‘ಮಿಡಿ’ ಎನ್ನುತ್ತದೆ, ಇನ್ನೊಂದು ‘ತಾಳು’ ಎನ್ನುತ್ತದೆ. ‘ತಾಳು’ ಎನ್ನುವ ಮುಖ್ಯ ರಾಸಾಯನಿಕದ ಹೆಸರು ಗಾಬಾ. ಇವೆರಡರ ತೂಕ ತಪ್ಪಿ ಸಾವಿರಾರು ಕೋಶಗಳು ಒಂದೇ ತಾಳಕ್ಕೆ ಮಿಡಿಯತೊಡಗಿದಾಗ ಕೈಕಾಲು ಸೆಟೆಯುತ್ತವೆ, ಪ್ರಜ್ಞೆ ತಪ್ಪುತ್ತದೆ. ಗುಳಿಗೆ ‘ತಾಳು’ ಎನ್ನುವ ದನಿಗೆ ಬಲ ಕೊಡುತ್ತದೆ. ವರ್ಷಗಟ್ಟಲೆ ಆ ಬಲಕ್ಕೆ ಒಗ್ಗಿಕೊಂಡ ಮೆದುಳಿನಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ, ಅದುಮಿಟ್ಟ ಸೆಳವು ಮರುಕಳಿಸಬಹುದು. ಒಮ್ಮೊಮ್ಮೆ ಅದು ಐದು ನಿಮಿಷ ದಾಟಿಯೂ ನಿಲ್ಲುವುದಿಲ್ಲ. ಹಾಗೆ ನಿಲ್ಲದ ಸೆಳವು ಪ್ರಾಣಕ್ಕೇ ಎರವಾಗಬಲ್ಲ ತುರ್ತುಸ್ಥಿತಿ. ಬಿಡಲೇಬೇಕಾದಾಗಲೂ ವೈದ್ಯರು ಈ ಗುಳಿಗೆಯನ್ನು ವಾರ, ತಿಂಗಳುಗಳ ಲೆಕ್ಕದಲ್ಲಿ ಮೆಲ್ಲಗೆ ಇಳಿಸುವುದು ಇದಕ್ಕಾಗಿಯೇ.

ಅಷ್ಟು ದೊಡ್ಡ ಸೈನ್ಯಕ್ಕೆ ಇದನ್ನು ಯಂತ್ರದಿಂದ ಹಿಡಿಯಲು ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಕೆಲವು ಸಂಗತಿಗಳನ್ನು ಹಿಡಿಯಬಹುದು. ಬಣ್ಣಗುರುಡನ್ನು ಪತ್ತೆಮಾಡುವ ಚುಕ್ಕೆಗಳ ಹಾಳೆಗಳನ್ನು 1917ರಲ್ಲಿ ಪ್ರಕಟಿಸಿದ ಶಿನೊಬು ಇಶಿಹಾರ ಜಪಾನಿ ಸೈನ್ಯದ ವೈದ್ಯರಾಗಿದ್ದವರು. ಅವುಗಳಲ್ಲಿ ಕೆಲವು ಹಾಳೆಗಳ ಅಂಕಿ ಬಣ್ಣಗುರುಡು ಇದ್ದವರಿಗೆ ಕಾಣುತ್ತದೆ, ಉಳಿದವರಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಎಂಥ ಸೊಗಸಾದ ಯುಕ್ತಿ! ಮುಚ್ಚಿಡಲು ಬಂದವನ ಕಣ್ಣೇ ಅವನನ್ನು ಬಿಟ್ಟುಕೊಡುತ್ತದೆ.

ಮೂರ್ಛೆರೋಗಕ್ಕೆ ಅಂಥ ಹಾಳೆಯಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮೆದುಳಿನ ವಿದ್ಯುತ್ತನ್ನು ದಾಖಲಿಸಿದರು. ಇಂದಿನ ಇಇಜಿ ಪರೀಕ್ಷೆ ಅದರದೇ ಮುಂದುವರಿಕೆ. ಆದರೆ ಅದು ದಾಖಲಿಸುವುದು ತಲೆಗೆ ತಂತಿ ಅಂಟಿಸಿದ ಆ ಅರ್ಧ ಗಂಟೆಯನ್ನು ಮಾತ್ರ. ಖಚಿತವಾಗಿ ಮೂರ್ಛೆರೋಗ ಇರುವವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಮೊದಲ ಇಇಜಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ವೈದ್ಯರ ಕೈಯಲ್ಲಿರುವ ಅತ್ಯುತ್ತಮ ಸಾಧನವೆಂದರೆ ಒಂದು ಪ್ರಶ್ನೆ: ನಿನಗೆ ಯಾವಾಗಲಾದರೂ ಸೆಳವು ಬಂದಿತ್ತೇ? ಅದಕ್ಕೆ ‘ಇಲ್ಲ’ ಎಂದು ಬರೆದರೆ ಸಾಧನವೇ ಮುರಿದಂತೆ.

ಎಲ್ಲರೂ ಹೆದರಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐವರಿಗೆ ಜ್ವರದ ತಾಪಕ್ಕೆ ಸೆಳವು ಬರುತ್ತದೆ. ಅವರಲ್ಲಿ ಬಹುತೇಕರಿಗೆ ಮುಂದೆ ಮೂರ್ಛೆರೋಗ ಬರುವುದಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ಬಹಳ ಹೊತ್ತು ನಿಂತ ಹುಡುಗ ಕುಸಿದು ಬೀಳುವುದಂತೂ ಬೇರೆಯೇ ಸಂಗತಿ. ರಕ್ತ ಕಾಲಿಗಿಳಿದು, ಮೆದುಳಿಗೆ ಹರಿಯುವುದು ಕ್ಷಣಕಾಲ ಕಡಿಮೆಯಾಗುತ್ತದೆ, ಅಷ್ಟೇ. ಕವಾಯತಿನಲ್ಲಿ ಗಟ್ಟಿಮುಟ್ಟಾದ ಸೈನಿಕರೂ ಹಾಗೆ ಬೀಳುತ್ತಾರೆ. ವಾಯುಪಡೆಯ ವೈದ್ಯಕೀಯ ಮಾನದಂಡಗಳು ಇಂಥ ಬವಳಿಯನ್ನು ಸೆಳವಿನಿಂದ ಬೇರ್ಪಡಿಸಿ ನೋಡಬೇಕೆಂದೇ ಹೇಳುತ್ತವೆ. ನಿಜ ಹೇಳಿದ್ದರೆ ಪಾಸಾಗುತ್ತಿದ್ದ ಎಷ್ಟೋ ಹುಡುಗರು ಸುಮ್ಮನೆ ಸುಳ್ಳು ಹೇಳುತ್ತಾರೆ ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಆದರೆ ಈ ಹುಡುಗನದು ಅಂಥ ಪ್ರಕರಣವಲ್ಲ. ಗುಳಿಗೆ ನಿಂತಿರಲಿ, ಇಲ್ಲವೇ ಅವನು ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟು ನುಂಗುತ್ತಿರಲಿ, ತರಬೇತಿ ಶಿಬಿರದಲ್ಲಿ ಅವನಿಗೆ ಏನು ಕಾದಿರುತ್ತದೆ? ಮೊದಲನೆಯದು ನಿದ್ದೆಗೆಡುವುದು. ನಿದ್ದೆಯ ಕೊರತೆ ಸೆಳವನ್ನು ಎಷ್ಟು ಕೆರಳಿಸುತ್ತದೆ ಎಂದರೆ, ಇಇಜಿಯಲ್ಲಿ ರೋಗ ಕಾಣದಿದ್ದಾಗ ರೋಗಿಯನ್ನು ರಾತ್ರಿಯಿಡೀ ಎಚ್ಚರವಿರಿಸಿ ಮತ್ತೊಮ್ಮೆ ಪರೀಕ್ಷಿಸುವುದುಂಟು. ಅಲ್ಲಿ ಬೇಕೆಂದೇ ಮಾಡುವುದು ಇಲ್ಲಿ ರಾತ್ರಿ ಪಹರೆಯ ಹೆಸರಿನಲ್ಲಿ ತಾನಾಗಿಯೇ ನಡೆದುಹೋಗುತ್ತದೆ. ಬಿಸಿಲಿನಲ್ಲಿ ಬೆವರಿಳಿಸಿ, ಬರೀ ನೀರನ್ನೇ ಮಿತಿಮೀರಿ ಕುಡಿದು ರಕ್ತದ ಸೋಡಿಯಂ ಇಳಿದರೂ ಸೆಳವು ಬರಬಹುದು. ಆ ಹೊತ್ತಿಗೆ ಅವನ ಕೈಯಲ್ಲಿ ಗುಂಡು ತುಂಬಿದ ಬಂದೂಕು ಇರಬಹುದು, ಅವನು ವಾಹನ ನಡೆಸುತ್ತಿರಬಹುದು.

ಇನ್ನೊಂದು ಅಪಾಯ ಆರೈಕೆ ಮಾಡುವವರ ಕೈಯಿಂದಲೇ ಬರುತ್ತದೆ. ಮಲೇರಿಯಾ ತಡೆಗೆ ಬಳಸುವ ಮೆಫ್ಲೋಕ್ವಿನ್ ಗುಳಿಗೆಯನ್ನು ಮೂರ್ಛೆರೋಗ ಇರುವವರಿಗೆ ಕೊಡಬಾರದು. ನೋವಿಗೆ ಕೊಡುವ ಟ್ರಮಡಾಲ್, ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಕೂಡ ಸೆಳವಿಗೆ ದಾರಿ ಮಾಡಿಕೊಡಬಲ್ಲವು. ಸೈನ್ಯದ ವೈದ್ಯರು ಕಡತ ನೋಡಿಯೇ ಔಷಧ ಕೊಡುತ್ತಾರೆ. ಕಡತದಲ್ಲಿ ‘ಇಲ್ಲ’ ಎಂದಿದ್ದರೆ ಅವರ ತಪ್ಪೇನು?

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 1950ರ ಸೇನಾ ಕಾಯ್ದೆಯ 44ನೇ ಕಲಮಿನ ಪ್ರಕಾರ, ಭರ್ತಿಯ ಫಾರ್ಮಿನಲ್ಲಿ ತಿಳಿದೂ ಸುಳ್ಳು ಉತ್ತರ ಬರೆದವನಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇದಕ್ಕಿಂತ ನನಗೆ ಮುಖ್ಯವೆನಿಸುವುದು 2013ರ ಒಂದು ತೀರ್ಪು. ಸೇವೆಯಲ್ಲಿದ್ದಾಗ ಸೆಳವು ಕಾಣಿಸಿಕೊಂಡು ಮನೆಗೆ ಕಳುಹಿಸಲ್ಪಟ್ಟ ಸೈನಿಕನೊಬ್ಬ ಅಂಗವೈಕಲ್ಯ ಪಿಂಚಣಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದ. ಸೇರುವಾಗ ಯಾವ ರೋಗವನ್ನೂ ದಾಖಲಿಸಿರದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು ಎಂದು ನ್ಯಾಯಾಲಯ ಹೇಳಿತು. ಸೇವೆಯಲ್ಲಿ ನಿಜಕ್ಕೂ ಆರೋಗ್ಯ ಕಳೆದುಕೊಂಡವರಿಗೆ ಆ ನಂಬಿಕೆಯೇ ಆಸರೆ. ಒಬ್ಬೊಬ್ಬ ಹುಡುಗ ರೋಗ ಮುಚ್ಚಿಟ್ಟಾಗಲೂ ಆ ಆಸರೆ ಒಂದಿಷ್ಟು ಸವೆಯುತ್ತದೆ.

ಹುಡುಗನನ್ನು ಬೈಯಲು ಮಾತ್ರ ನನಗೆ ಬಾಯಿ ಬರಲಿಲ್ಲ. ಮುಚ್ಚಿಡುವುದನ್ನು ಅವನು ಭರ್ತಿ ಮೈದಾನದಲ್ಲಿ ಕಲಿತವನಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಮನೆಯ ಕಟ್ಟೆಯ ಮೇಲೆ ಬಿದ್ದಾಗ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು, ಮೂಗಿಗೆ ಈರುಳ್ಳಿ ಹಿಡಿದರು, ಆಮೇಲೆ ಬಾಗಿಲು ಹಾಕಿಕೊಂಡು “ಯಾರಿಗೂ ಹೇಳಬೇಡ” ಎಂದರು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗದ ಉಲ್ಲೇಖವನ್ನು 1999ರಲ್ಲಿಯೇ ತೆಗೆದುಹಾಕಿದರೂ ಮನೆಗಳೊಳಗೆ ಆ ಅಂಜಿಕೆ ಹಾಗೆಯೇ ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಎಪ್ಪತ್ತರಷ್ಟು ರೋಗಿಗಳು ಸೆಳವಿಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಹುಡುಗ ಆ ಎಪ್ಪತ್ತರಲ್ಲಿ ಒಬ್ಬ. ಸಮವಸ್ತ್ರವೊಂದು ಅವನಿಗೆ ದಕ್ಕುವುದಿಲ್ಲ. ಅದು ಸಣ್ಣ ದುಃಖವೆಂದು ನಾನು ಅವನ ತಾಯಿಗೆ ಹೇಳಲಿಲ್ಲ.

ಮರುವಾರ ಹುಡುಗನೇ ಬಂದ. ಗುಳಿಗೆ ಬಿಟ್ಟಿರಲಿಲ್ಲ. “ಜೊತೆಗೆ ಓಡುವವರಿಗೆ ಗೊತ್ತಿದೆಯೇನಪ್ಪಾ?” ಎಂದು ಕೇಳಿದೆ. ತಲೆಯಾಡಿಸಿ ಇಲ್ಲವೆಂದ. ಆ ಭಾನುವಾರ ಗೆಳೆಯರಿಬ್ಬರನ್ನು ಕರೆದುಕೊಂಡು ಬಂದ. ದವಾಖಾನೆಯ ನೆಲದ ಮೇಲೆ ಅವನನ್ನೇ ಮಲಗಿಸಿ ತೋರಿಸಿದೆ: ಒಂದು ಮಗ್ಗುಲಿಗೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಕೈಕಾಲು ಒತ್ತಿ ಹಿಡಿಯಬಾರದು. “ಬಾಯಿಗೆ ನೀರು?” ಎಂದು ಒಬ್ಬ ಕೇಳಿದ. ನೀರೂ ಬೇಡ, ಚಮಚವೂ ಬೇಡ ಎಂದೆ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು, ಆದ್ದರಿಂದ ಸೆಳವು ಶುರುವಾದ ಕೂಡಲೇ ಗಡಿಯಾರ ನೋಡಬೇಕು ಎಂದಾಗ ಇನ್ನೊಬ್ಬ ಜೇಬಿನಿಂದ ಮೊಬೈಲ್ ತೆಗೆದ. ದಿನವೂ ಅವರ ಓಟದ ಸಮಯ ಹಿಡಿಯುತ್ತಿದ್ದವನು ಅವನೇ.